ನೋಡಿದ್ದೆಷ್ಟು, ಹೇಳಿದ್ದೆಷ್ಟು?

ಮನೆಯಲ್ಲಿ ಕೂತು ಸಿನಿಮಾ ನೋಡುವುದು ತಪ್ಪೇನಲ್ಲ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಈಗ ಯಾರ ಮನೆಗೆ ಹೋದರೂ ಗೋಡೆ ಮೇಲೆ ದೊಡ್ಡ ಟಿವಿ, ಅದರೊಳಗೆ ನಾಲ್ಕೈದು ಆಪ್. ಮನೆಮಂದಿಯೆಲ್ಲ ಮಲ್ಟಿಪ್ಲೆಕ್ಸ್‌ಗೆ ಹೋಗಿ ಪಾಪ್‌ಕಾರ್ನ್ ತಿಂದು ಬರುವ ದುಡ್ಡಿನಲ್ಲಿ ವಾರದ ತರಕಾರಿ ಬರುತ್ತದೆ. ಟಿಕೆಟ್ ದರ 200 ರೂಪಾಯಿ ಮೀರಬಾರದು ಅಂತ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಿತು, ಆ ತಿಂಗಳು ಮುಗಿಯುವ ಮೊದಲೇ ಹೈಕೋರ್ಟಿನ ತಡೆಯಾಜ್ಞೆಯೂ ಬಂತು. ಹಾಗಾಗಿ ಮನೆಯಲ್ಲೇ ನೋಡಿ, ಸಂತೋಷವಾಗಿ ನೋಡಿ. ನನ್ನ ತಕರಾರು ನೋಡುವುದರ ಬಗ್ಗೆ ಅಲ್ಲ. ನೋಡಿದ ಮಾರನೇ ದಿನ ನೀವು ಆಡುತ್ತೀರಲ್ಲ ಮಾತು, ಅದರ ಬಗ್ಗೆ.

ಬೆಳಿಗ್ಗೆ ಆರೂವರೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ದಾಸವಾಳಕ್ಕೂ ‘ಇವತ್ತು ಕಾವೇರಿ ನೀರು ಬರಲ್ಲ’ ಅನ್ನುವ ಸುದ್ದಿಗೂ ನಡುವೆ ನಿಮ್ಮದೊಂದು ಸಾಲು: ‘ರಾತ್ರಿ ಆ ಸಿನಿಮಾ ನೋಡಿದ್ವಿ. ವೇಸ್ಟ್. ಯಾರೂ ನೋಡಬೇಡಿ.’ ಯಾಕೆ ವೇಸ್ಟು, ಯಾವ ಭಾಗ ಹಿಡಿಸಲಿಲ್ಲ, ಪೂರ್ತಿ ನೋಡಿದಿರಾ, ಏನೂ ಇಲ್ಲ. ಮೇಲಿನ ಮನೆಯವರು ಹೆಬ್ಬೆರಳು ಎತ್ತುತ್ತಾರೆ. ಎದುರು ಮನೆಯವರು ‘ಥ್ಯಾಂಕ್ಸ್, ಟೈಮ್ ಉಳಿಸಿದ್ರಿ’ ಅನ್ನುತ್ತಾರೆ. ಸಂಜೆ ಪಾರ್ಕಿನಲ್ಲಿ ಎರಡು ಸುತ್ತು ಹಾಕುವಷ್ಟರಲ್ಲಿ, ಆ ಸಿನಿಮಾದ ಒಂದು ಚೂರನ್ನೂ ನೋಡದವರ ಬಾಯಲ್ಲಿ ‘ಚೆನ್ನಾಗಿಲ್ವಂತೆ’ ಅಂತ ಓಡಾಡುತ್ತಿರುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು, ಅದು ನಿಮಗೂ ಗೊತ್ತು. ಗೊತ್ತಿದ್ದೂ ಹೀಗೆ ಮಾಡುತ್ತೀರಿ.

ಅದಕ್ಕೇ ನನ್ನ ಮೊದಲ ಪ್ರಶ್ನೆ. ಸಿನಿಮಾ ಹೇಗಿತ್ತು ಅನ್ನುವುದು ಆಮೇಲೆ ಹೇಳಿ. ನೀವು ಹೇಗೆ ನೋಡಿದಿರಿ, ಅದನ್ನು ಮೊದಲು ಹೇಳಿ.

ನಮ್ಮ ಕಡೆಯ ಮನೆಗಳಲ್ಲಿ ಹೇಗೆ ನೋಡುತ್ತೇವೆ ಅಂತ ನನಗೆ ತಿಳಿಯದೇ? ಡಿಸೆಂಬರ್ ತಿಂಗಳು, ಅವರೆಕಾಯಿ ಕಾಲ. ರಾತ್ರಿ ನೆನೆಹಾಕಿದ ಕಾಳಿನ ಬೇಸಿನ್ ತೊಡೆ ಮೇಲೆ, ಕೆಳಗೆ ಹರಡಿದ ಹಳೇ ಪೇಪರ್ ಮೇಲೆ ಸಿಪ್ಪೆ. ಕೈ ಕಾಳು ಹಿದುಕುತ್ತಿದೆ, ಕಣ್ಣು ಕಾಳಿನ ಮೇಲಿದೆ, ಟಿವಿಯಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ ಓಡುತ್ತಿದೆ. ಕುಕ್ಕರ್ ಕೂಗಿತು ಅಂತ ಒಮ್ಮೆ ಏಳುತ್ತೀರಿ. ಕೊರಿಯರ್ ಹುಡುಗ ಗೇಟಿಗೆ ಬಂದ ಅಂತ ಇನ್ನೊಮ್ಮೆ. ನಾಯಕ ನಾಯಕಿ ಮಾತಿಲ್ಲದೆ ಕೂತಿದ್ದರೆ, ಏನೂ ನಡೀತಿಲ್ಲವಲ್ಲ ಅಂತ ರಿಮೋಟಿನಲ್ಲಿ ಹತ್ತು ಹತ್ತು ಸೆಕೆಂಡು ಮುಂದಕ್ಕೆ ಹಾರಿಸುತ್ತೀರಿ. ಮಗ ಇದ್ದರೆ ಮೊಬೈಲಿನಲ್ಲಿ ಒಂದೂವರೆ ಪಟ್ಟು ವೇಗ ಇಟ್ಟುಕೊಂಡು ಅದೇ ಸಿನಿಮಾ ಬೇರೆ ನೋಡುತ್ತಾನೆ. ಹೇಮಂತ್ ರಾವ್ 2023ರಲ್ಲಿ ಎರಡು ಭಾಗವಾಗಿ ತಂದ ಆ ಕಥೆಯಲ್ಲಿ ಕಡಲಿನ ಸದ್ದಿಗೂ ಒಂದು ಪಾತ್ರವಿದೆ. ಮೊದಲ ಭಾಗದ ತುಂಬ ನೀಲಿ, ಎರಡನೆಯದರ ತುಂಬ ಕೆಂಪು. ನಿಮಗೆ ಕೇಳಿಸಿದ್ದು ಕುಕ್ಕರಿನ ಸದ್ದು, ಕಂಡದ್ದು ಅವರೆಬೇಳೆಯ ಹಸಿರು. ಕೊನೆಗೆ ತೀರ್ಪು: ‘ತುಂಬಾ ಸ್ಲೋ.’ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸಿನಿಮಾ ನಿಧಾನ ಇರಬಹುದು. ನಿಮಗೆ ಹಿಡಿಸದೆಯೂ ಇರಬಹುದು, ಅದು ನಿಮ್ಮ ಹಕ್ಕು. ಲೋಕೋ ಭಿನ್ನರುಚಿಃ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ‘ಕೆಲಸ ಮಾಡಿಕೊಂಡು ನೋಡಿದೆ, ನಡುನಡುವೆ ಎದ್ದು ಹೋದೆ, ನನಗೆ ಹಿಡಿತಕ್ಕೆ ಸಿಗಲಿಲ್ಲ’ ಅಂತ ಹೇಳಿದರೆ ಕೇಳಿದವರಿಗೆ ಒಂದು ಅಂದಾಜು ಸಿಗುತ್ತದೆ. ‘ಹಾಗಾದರೆ ನಾವು ಶನಿವಾರ ರಾತ್ರಿ ಲೈಟ್ ಆರಿಸಿ ನೋಡೋಣ’ ಅಂತ ಅವರು ತೀರ್ಮಾನ ಮಾಡಬಹುದು. ಇಷ್ಟು ಹೇಳುವುದಕ್ಕೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ಹಿಂದೆ ಈ ತೊಂದರೆ ಇರಲಿಲ್ಲ. ನವರಂಗಿಗೋ, ಮಾಗಡಿ ರಸ್ತೆಯ ವೀರೇಶ್, ಪ್ರಸನ್ನಕ್ಕೋ ಹೋದರೆ ಟಿಕೆಟ್ ತೆಗೆದ ತಪ್ಪಿಗಾದರೂ ಕೊನೆಯವರೆಗೆ ಕೂರುತ್ತಿದ್ದೆವು. ದೀಪ ಆರಿದ ಮೇಲೆ ಹಿದುಕುವುದಕ್ಕೆ ಅವರೆಕಾಳು ಇರುತ್ತಿರಲಿಲ್ಲ. ಬೈದರೂ ಪೂರ್ತಿ ನೋಡಿಯೇ ಬೈಯುತ್ತಿದ್ದೆವು. ಮನೆಯಲ್ಲಿ ಆ ಕಟ್ಟುಪಾಡನ್ನು ನೀವೇ ಹಾಕಿಕೊಳ್ಳಬೇಕು, ಬೇರೆಯವರು ಬಂದು ಹಾಕುವುದಿಲ್ಲ. ಅನ್ನ ಬೆಂದಿದೆಯೋ ಇಲ್ಲವೋ ಅಂತ ಒಂದು ಅಗುಳು ಹಿಸುಕಿದರೆ ಗೊತ್ತಾಗುತ್ತದೆ, ಸಿನಿಮಾ ಹಾಗಲ್ಲ. 2024ರಲ್ಲಿ ಬಂದ ‘ಬ್ಲಿಂಕ್’ ಉದಾಹರಣೆಗೆ ತೆಗೆದುಕೊಳ್ಳಿ. ಕಾಲದಲ್ಲಿ ಹಿಂದೆ ಮುಂದೆ ಹೋಗುವ ಕಥೆ. ಅದರಲ್ಲಿ ಹತ್ತು ನಿಮಿಷ ಕಾಫಿಗೆ ಅಂತ ಎದ್ದು ಹೋದವರಿಗೆ ಆಮೇಲಿನ ಒಂದು ಗಂಟೆ ಅರ್ಥವಾಗುವುದಿಲ್ಲ. ಅರ್ಥವಾಗಲಿಲ್ಲ ಅಂದರೆ ಹಿಂದಕ್ಕೆ ಹೋಗಿ ನೋಡಿ. ರಿಮೋಟಿನಲ್ಲಿ ಹಿಂದಕ್ಕೆ ಹೋಗುವ ಗುಂಡಿಯನ್ನೂ ಕೊಟ್ಟಿದ್ದಾರೆ.

ಯಾವ ಪರದೆಯಲ್ಲಿ, ಯಾವ ಭಾಷೆಯಲ್ಲಿ ನೋಡಿದಿರಿ ಅನ್ನುವುದನ್ನೂ ಸೇರಿಸಿ. ಮಲಯಾಳದ ಸಿನಿಮಾ ಒಂದನ್ನು ನೀವು ಕನ್ನಡ ಡಬ್ಬಿಂಗಿನಲ್ಲಿ ನೋಡಿರುತ್ತೀರಿ, ಪಕ್ಕದ ಮನೆಯವರು ಮೂಲದಲ್ಲೇ ಕೆಳಗೆ ಅಕ್ಷರ ಓದಿಕೊಂಡು ನೋಡಿರುತ್ತಾರೆ. ಇಬ್ಬರೂ ಗೇಟಿನ ಹತ್ತಿರ ನಿಂತು ಅರ್ಧ ಗಂಟೆ ವಾದ ಮಾಡುತ್ತೀರಿ, ವಾದ ಮಾಡುತ್ತಿರುವುದು ಎರಡು ಬೇರೆ ಬೇರೆ ಅನುಭವದ ಬಗ್ಗೆ. ‘ಕಾಂತಾರ’ದ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. 2022ರ ಸೆಪ್ಟೆಂಬರ್ 30ಕ್ಕೆ ಚಿತ್ರಮಂದಿರಕ್ಕೆ ಬಂದ ಸಿನಿಮಾ ನವೆಂಬರ್ 24ಕ್ಕೆ ಅಮೆಜಾನ್ ಪ್ರೈಮಿಗೆ ಬಂದಾಗ ‘ವರಾಹ ರೂಪಂ’ ಹಾಡಿನ ರಾಗವೇ ಬೇರೆಯಾಗಿತ್ತು. ಕೇರಳದ ಒಂದು ಬ್ಯಾಂಡು ಹಾಡು ತನ್ನದು ಅಂತ ಕೋರ್ಟಿಗೆ ಹೋಗಿತ್ತು, ಅದಕ್ಕೆ ಬದಲಾಯಿಸಿದ್ದರು. ತಡೆ ತೆರವಾದ ಮೇಲೆ ಹಳೆಯದೇ ವಾಪಸ್ ಬಂತು. ಮೊದಲ ದಿನ ಮನೆಯಲ್ಲಿ ನೋಡಿದವರು ‘ಕೊನೆಯಲ್ಲಿ ಅಂಥಾ ರೋಮಾಂಚನ ಏನಿಲ್ಲಪ್ಪ’ ಅಂದಿದ್ದರೆ ಅವರದೂ ಸುಳ್ಳಲ್ಲ, ಚಿತ್ರಮಂದಿರದಲ್ಲಿ ಮೈ ನವಿರೆದ್ದವರದೂ ಸುಳ್ಳಲ್ಲ. ಎಲ್ಲಿ, ಯಾವಾಗ ನೋಡಿದ್ದು ಅಂತ ಹೇಳಿದ್ದರೆ ಜಗಳವೇ ಇರುತ್ತಿರಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವುದು ಇದಕ್ಕೇ.

ಇನ್ನು ಗುಟ್ಟು ಬಿಡುವ ಚಾಳಿ. ಇದಕ್ಕೆ ನಿಜವಾಗಿಯೂ ನಾಲ್ಕು ಮಾತು ಗಟ್ಟಿಯಾಗಿ ಹೇಳಬೇಕು.

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಆಮೇಲೆ ಎಷ್ಟೋ ವರ್ಷ ವಾರಕ್ಕೊಂದು ಕನ್ನಡ ಸಿನಿಮಾ. ಟಿವಿ ಇದ್ದವರ ಮನೆಯ ನಡುಮನೆಯಲ್ಲಿ ಬೀದಿಯೇ ಕೂತಿರುತ್ತಿತ್ತು. ಮಾರನೇ ದಿನ ಬೀದಿ ನಲ್ಲಿಯ ಹತ್ತಿರ, ಹಾಲಿನ ಬೂತಿನ ಹತ್ತಿರ ಅದೇ ಮಾತು. ಎಲ್ಲರೂ ಅದೇ ಸಿನಿಮಾವನ್ನು ಅದೇ ಹೊತ್ತಿನಲ್ಲಿ ನೋಡಿರುತ್ತಿದ್ದರು, ಹಾಗಾಗಿ ಕೊನೆ ಹೇಳಿದರೆ ಯಾರಿಗೂ ನಷ್ಟವಿರಲಿಲ್ಲ. ಆ ಅಭ್ಯಾಸ ನಮ್ಮ ನಾಲಿಗೆಯಲ್ಲಿ ಹಾಗೇ ಉಳಿದುಬಿಟ್ಟಿದೆ. ಈಗ ನೀವು ನಿನ್ನೆ ನೋಡಿದ್ದನ್ನು ನಿಮ್ಮ ನಾದಿನಿ ಮುಂದಿನ ತಿಂಗಳು ನೋಡುತ್ತಾರೆ, ಅಮೆರಿಕದಲ್ಲಿರುವ ಮಗಳು ದಸರಾ ರಜೆಯಲ್ಲಿ ನೋಡುತ್ತಾಳೆ. ಕಾಲ ಬದಲಾಯಿತು, ನಾಲಿಗೆ ಬದಲಾಗಲಿಲ್ಲ.

ನೇರಳೆ ಮಾರ್ಗದ ಮೆಟ್ರೋದಲ್ಲಿ ಬೆಳಿಗ್ಗೆ ಕೇಳಬೇಕು ನಿಮ್ಮ ಕಥಾಕಾಲಕ್ಷೇಪ. ಕೆಂಗೇರಿಯಲ್ಲಿ ಹತ್ತಿದವರು ಫೋನಿನಲ್ಲಿ ‘ಏನಾಗತ್ತೆ ಗೊತ್ತಾ...’ ಅಂತ ಶುರು ಮಾಡುತ್ತೀರಿ. ನಾಯಂಡಹಳ್ಳಿಗೆ ಇಂಟರ್ವಲ್. ಅತ್ತಿಗುಪ್ಪೆಗೆ ಬರುವಷ್ಟರಲ್ಲಿ ಕೊಲೆ ಮಾಡಿದವರು ಯಾರು ಅಂತ ಇಡೀ ಬೋಗಿಗೆ ಗೊತ್ತಾಗಿರುತ್ತದೆ. ವಿಜಯನಗರದಲ್ಲಿ ಹತ್ತುವ ಹುಡುಗಿ ಅದನ್ನೇ ನೋಡೋಣ ಅಂತ ಇಯರ್‌ಫೋನ್ ಬಿಡಿಸುತ್ತಿರುತ್ತಾಳೆ, ಪಾಪ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕೇಳಿಸಿಕೊಂಡ ಗುಟ್ಟನ್ನು ಅವಳು ಎಲ್ಲಿಗೆ ವಾಪಸ್ ಕೊಡಬೇಕು?

ಕಾಶಿನಾಥ್ ಅವರ ‘ಅಪರಿಚಿತ’ 1978ರದು, ರವಿಚಂದ್ರನ್ ಮಾಡಿದ ‘ದೃಶ್ಯ’ 2014ರದು. ಇವತ್ತಿಗೂ ಮೊದಲ ಸಲ ನೋಡುವವರು ಇದ್ದಾರೆ. ‘ಅಯ್ಯೋ, ಹಳೇದಲ್ವಾ’ ಅನ್ನುವ ನೆಪ ಬೇಡ. ನಿಮಗೆ ಹಳೆಯದು, ಹದಿನೈದು ವರ್ಷದ ಮೊಮ್ಮಗನಿಗೆ ಹೊಸದು. ‘ನಾಗರಹಾವು’ ಹಾಕಿಕೊಟ್ಟು ‘ಕೊನೆಗೆ ಆ ಬೆಟ್ಟದ ಮೇಲೆ...’ ಅಂತ ಬಾಯಿ ತೆಗೆಯುವ ತಾತಂದಿರಿಗೂ ಇದನ್ನು ಸೇರಿಸಿಯೇ ಹೇಳುತ್ತಿದ್ದೇನೆ. ಮೊದಲ ಅರ್ಧ ಗಂಟೆಯಲ್ಲಿ ಏನು ನಡೆಯುತ್ತದೋ ಅಷ್ಟು ಹೇಳಬಹುದು. ಅದಕ್ಕಿಂತ ಮುಂದೆ ಹೋಗುವುದಿದ್ದರೆ ‘ನೋಡಿದ್ದೀರಾ?’ ಅಂತ ಕೇಳಿ ಹೋಗಿ. ಗುಂಪಿನಲ್ಲಿ ಬರೆಯುವುದಾದರೆ ‘ಮುಂದೆ ಕಥೆ ಇದೆ, ನೋಡದವರು ಓದಬೇಡಿ’ ಅಂತ ಮೇಲೊಂದು ಸಾಲು ಹಾಕಿ.

ಹಾಗಾದರೆ ಹೇಳುವುದು ಏನು ಅಂತ ಕೇಳುತ್ತೀರಿ. ಹೇಳುವುದಕ್ಕೆ ಬೇಕಾದಷ್ಟಿದೆ. ಯಾವ ಆಪಿನಲ್ಲಿದೆ, ಎಷ್ಟು ಉದ್ದ, ಕನ್ನಡದ್ದೋ ಡಬ್ಬಿಂಗೋ. ನಗಿಸುತ್ತದೆಯೋ, ರಾತ್ರಿ ನಿದ್ದೆ ಕೆಡಿಸುತ್ತದೆಯೋ. ಯಾರ ಅಭಿನಯ ಮನಸ್ಸಿನಲ್ಲಿ ಉಳಿಯಿತು. ‘ರತ್ನನ್ ಪ್ರಪಂಚ’ ಬಗ್ಗೆ ಹೇಳುವಾಗ ‘ಉಮಾಶ್ರೀ ಅವರಿಗಾಗಿ ನೋಡಿ’ ಅಂದರೆ ಸಾಕು, ನಮ್ಮ ಪೈಕಿ ಅರ್ಧ ಜನ ಅಷ್ಟಕ್ಕೇ ನೋಡುತ್ತಾರೆ. ‘ಸೂಪರ್’, ‘ಬೆಂಕಿ’, ‘ಮಸ್ತ್’ ಅಂತ ಮಾತ್ರ ಬರೆದರೆ ಅದೂ ‘ವೇಸ್ಟ್’ ಅಂದಷ್ಟೇ ಪೊಳ್ಳು. ಯಾಕೆ ಅನ್ನುವುದು ಒಂದು ವಾಕ್ಯ ಇರಲಿ.

ಮಕ್ಕಳ ಜೊತೆ ನೋಡಬಹುದಾ ಅನ್ನುವುದನ್ನು ಮರೆಯದೆ ಹೇಳಿ, ಮೊದಲು ಕೇಳುವುದೇ ಅದನ್ನು. 2021ರ ನಿಯಮದಂತೆ ಒಟಿಟಿಯವರು ಪ್ರತಿಯೊಂದಕ್ಕೂ ವಯಸ್ಸಿನ ಗುರುತು ಹಾಕಬೇಕು: ಯು, ಯು/ಎ 7+, 13+, 16+, ಕೊನೆಗೆ ಎ. 13+ ಮತ್ತು ಅದರ ಮೇಲಿನದ್ದಕ್ಕೆ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕುವ ಅನುಕೂಲವನ್ನೂ ಕೊಟ್ಟಿರಬೇಕು. ಸಿನಿಮಾ ಶುರುವಾಗುವಾಗ ಮೂಲೆಯಲ್ಲಿ ಬರುವ ಆ ಪುಟ್ಟ ಅಕ್ಷರವನ್ನು ನೋಡುವವರು ಯಾರಿದ್ದೀರಿ, ಕೈ ಎತ್ತಿ. ಹೆಸರು ನಂಬಿ ಹೋಗಬೇಡಿ. ‘ಶಾಖಾಹಾರಿ’ ಅಂತ ಹೆಸರಿದೆ, ಮಲೆನಾಡಿನ ಸಸ್ಯಾಹಾರಿ ಹೋಟೆಲಿನ ಕಥೆ, ರಂಗಾಯಣ ರಘು ಇದ್ದಾರೆ ಅಂತ ಅಡುಗೆಯ ಸಿನಿಮಾ ಅಂದುಕೊಂಡು ಪುಟ್ಟ ಮಕ್ಕಳನ್ನು ಕೂರಿಸಿಕೊಂಡರೆ ಫಜೀತಿ. ದೊಡ್ಡವರು ನೋಡಿ, ರಘು ಅವರ ಕೆಲಸ ನೋಡಲೇಬೇಕಾದದ್ದು.

ಈಗ ನನ್ನ ಮನಸ್ಸಿನಲ್ಲಿರುವ ದೊಡ್ಡ ಮಾತು. ಇಡೀ ಪ್ರಪಂಚದ ಸಿನಿಮಾ ಮನೆಗೆ ಬಂದ ಮೇಲೆ ನಮ್ಮವರು ಕನ್ನಡದ್ದಕ್ಕೆ ಮಾತ್ರ ವಿಪರೀತ ಬಿಗಿ ಹಿಡಿಯುತ್ತಾರೆ. ಕೊರಿಯಾದ್ದು ನಿಧಾನವಾದರೆ ‘ಕಲಾತ್ಮಕ’, ಕನ್ನಡದ್ದು ನಿಧಾನವಾದರೆ ‘ಬೋರು’. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಹೇಳಿಕೊಳ್ಳುವುದಕ್ಕಲ್ಲ, ತಿದ್ದಿಕೊಳ್ಳುವುದಕ್ಕೆ ಇರುವುದು. ಕೆಟ್ಟ ಸಿನಿಮಾವನ್ನು ಕನ್ನಡ ಅನ್ನುವ ಕಾರಣಕ್ಕೆ ಹೊಗಳಿ ಅಂತ ನಾನು ಹೇಳುತ್ತಿಲ್ಲ. ಅದು ಸುಳ್ಳಾಗುತ್ತದೆ, ಮುಂದಿನ ಸಲ ನಿಮ್ಮ ಮಾತು ಯಾರೂ ನಂಬುವುದಿಲ್ಲ. ಅಳತೆ ಒಂದೇ ಇರಲಿ ಅನ್ನುತ್ತೇನೆ, ಅಷ್ಟೆ.

ನಿಮ್ಮ ಮಾತಿಗೆ ಎಷ್ಟು ತೂಕ ಇದೆ ಅಂತ ನಿಮಗೆ ಗೊತ್ತಿಲ್ಲ. 2025ರ ಜುಲೈ 25ಕ್ಕೆ ‘ಸು ಫ್ರಮ್ ಸೋ’ ಬಂದಾಗ ದೊಡ್ಡ ತಾರೆ ಇರಲಿಲ್ಲ, ಭಾರೀ ಪ್ರಚಾರ ಇರಲಿಲ್ಲ, ಪ್ರದರ್ಶನಗಳೂ ಕಡಿಮೆ. ಜೆ.ಪಿ. ತುಮಿನಾಡು ನಿರ್ದೇಶನದ ಕರಾವಳಿಯ ಒಂದು ಹಳ್ಳಿಯ ಕಥೆ. ನೋಡಿದವರು ನೋಡದವರಿಗೆ ಹೇಳಿ ಹೇಳಿಯೇ ವಾರದೊಳಗೆ ಟಿಕೆಟ್ ಸಿಗದ ಹಾಗಾಯಿತು. ತೇಜಸ್ವಿಯವರ ಕಥೆಯನ್ನು ಅವರ ಅಭಿಮಾನಿಗಳೇ ದುಡ್ಡು ಹಾಕಿ ‘ಡೇರ್‌ಡೆವಿಲ್ ಮುಸ್ತಾಫಾ’ ಮಾಡಿದರು, ಅದೂ ನಡೆದದ್ದು ಬಾಯಿಮಾತಿನ ಬಲದಿಂದ. ಇನ್ನೊಂದು ಕಡೆ ‘ಏಕಂ’ ನೋಡಿ. ಏಳು ಕಂತಿನ ಕನ್ನಡ ಸರಣಿ, ದೊಡ್ಡ ಒಟಿಟಿಗಳು ಕೈಹಿಡಿಯದೆ 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ 149 ರೂಪಾಯಿಗೆ ತೋರಿಸಬೇಕಾಯಿತು. ಹಲವು ಸಣ್ಣ ಕನ್ನಡ ಸಿನಿಮಾಗಳಿಗೆ ಒಟಿಟಿಯವರು ಮೊದಲೇ ಇಂತಿಷ್ಟು ಅಂತ ಕೊಟ್ಟು ಕೊಳ್ಳುವುದೂ ಇಲ್ಲ. ಜನ ಎಷ್ಟು ಹೊತ್ತು ನೋಡಿದರೋ ಆ ಲೆಕ್ಕದಲ್ಲಿ ಹಣ. ಇಪ್ಪತ್ತು ನಿಮಿಷ ನೋಡಿ ನಿಲ್ಲಿಸಿ ‘ಆಮೇಲೆ ನೋಡೋಣ’ ಅಂದದ್ದು, ‘ಯಾರೂ ನೋಡಬೇಡಿ’ ಅಂತ ಬರೆದದ್ದು, ಎರಡೂ ಯಾರದೋ ಗಂಜಿಗೆ ತಾಗುತ್ತದೆ. ಯೋಚನೆ ಮಾಡಿ ಬರೆಯಿರಿ ಅನ್ನುವುದು ಇದಕ್ಕೆ.

ನಕ್ಷತ್ರ, ಅಂಕ ನಂಬುವ ಕಾಲವೂ ಹೋಯಿತು. ದುಡ್ಡು ಕೊಟ್ಟು ಹೊಗಳಿಸುವುದು, ಆಗದವರ ಸಿನಿಮಾವನ್ನು ಗುಂಪು ಕಟ್ಟಿಕೊಂಡು ತೆಗಳುವುದು ಅತಿಯಾಗಿ, ನಿರ್ಮಾಪಕರು ಕೋರ್ಟಿಗೆ ಹೋಗುತ್ತಿದ್ದಾರೆ. 2025ರ ಡಿಸೆಂಬರ್‌ನಲ್ಲಿ ‘ದಿ ಡೆವಿಲ್’ ಬಂದಾಗ ಬುಕ್‌ಮೈಶೋನಲ್ಲಿ ಅಂಕ, ವಿಮರ್ಶೆ ಎರಡೂ ನ್ಯಾಯಾಲಯದ ಆದೇಶದಂತೆ ಬಂದ್ ಆಗಿದ್ದವು. ಅಂಥ ಹೊತ್ತಿನಲ್ಲಿ ಎದುರು ಮನೆಯವರ ಮಾತಿಗೆ ಬೆಲೆ ಜಾಸ್ತಿ. ಅಭಿಮಾನಿಗಳ ಜಗಳವನ್ನು ಆ ಮಾತಿನೊಳಗೆ ತರಬೇಡಿ. ‘ನಮ್ಮ ಬಾಸು, ನಿಮ್ಮ ಬಾಸು’ ಅಂತ ಬಸವೇಶ್ವರನಗರದ ಅಣ್ಣತಮ್ಮಂದಿರು ಯುಗಾದಿ ಊಟಕ್ಕೆ ಕೂತಾಗ ಮುಖ ತಿರುಗಿಸಿಕೊಳ್ಳುವುದು ಬೇಕಾ? ನಟಿಯರು ದಪ್ಪವಾದರು, ಸಣ್ಣವಾದರು, ಬಟ್ಟೆ ಹೀಗೆ ಹಾಕಿದರು ಅನ್ನುವುದು ಸಿನಿಮಾದ ಬಗ್ಗೆ ಅಭಿಪ್ರಾಯವಲ್ಲ. ಅದನ್ನು ಬಾಯಿಂದ ಆಚೆ ಬಿಡಬೇಡಿ, ಅದರಲ್ಲೂ ಬೆಳೆಯುವ ಹೆಣ್ಣುಮಕ್ಕಳು ಕೂತಿರುವಾಗ.

ಕೊನೆಗೆ ‘ಲಿಂಕ್ ಕಳ್ಸಿ’ ವಿಚಾರ. ನೀವು ಚೆನ್ನಾಗಿದೆ ಅಂತ ಬರೆದ ಕೂಡಲೇ ಯಾರಾದರೊಬ್ಬರು ಕೇಳುತ್ತಾರೆ, ಇನ್ಯಾರೋ ಟೆಲಿಗ್ರಾಮಿನ ಕದ್ದ ಕಾಪಿ ಹಾಕುತ್ತಾರೆ, ನೀವು ದಾಕ್ಷಿಣ್ಯಕ್ಕೆ ಸುಮ್ಮನಿರುತ್ತೀರಿ. ದಾಕ್ಷಿಣ್ಯ ಬೇಡ. ಸಿನಿಮಾ ಕದ್ದು ಚಿತ್ರೀಕರಿಸಿ ಹಂಚುವವರಿಗೆ 2023ರ ತಿದ್ದುಪಡಿ ಕಾಯ್ದೆಯಲ್ಲಿ ಮೂರು ತಿಂಗಳಿಂದ ಮೂರು ವರ್ಷ ಜೈಲು, ಮೂರು ಲಕ್ಷದಿಂದ ಶುರುವಾಗಿ ಸಿನಿಮಾ ತಯಾರಿಕೆ ವೆಚ್ಚದ ಶೇಕಡಾ 5ರವರೆಗೆ ದಂಡ ಇದೆ. ಗುಂಪಿನಲ್ಲಿ ಬಂದ ಅಂಥ ಲಿಂಕನ್ನು ಮುಂದಕ್ಕೆ ಕಳಿಸಬೇಡಿ, ತೆಗೆಯಿರಿ ಅಂತ ಹಾಕಿದವರಿಗೇ ಹೇಳಿ. ಆಪ್ ಇಲ್ಲದವರಿದ್ದರೆ ಭಾನುವಾರ ಸಂಜೆ ನಿಮ್ಮ ಮನೆಗೇ ಕರೆಯಿರಿ. ಕಡಲೆಪುರಿ ಅವರು ತರಲಿ, ಕಾಫಿ ನಿಮ್ಮದು. ನೀವು ಮೊದಲೇ ನೋಡಿದ ಸಿನಿಮಾ ಆದರೆ ಅವರ ಪಕ್ಕದಲ್ಲಿ ಕೂತು ‘ಈಗ ನೋಡಿ, ಈಗ ನೋಡಿ’ ಅಂತ ಮೊಣಕೈಯಲ್ಲಿ ತಿವಿಯಬೇಡಿ. ತಡೆಯುವುದಕ್ಕೆ ಆಗದಿದ್ದರೆ ಎದ್ದು ಅಡುಗೆಮನೆಗೆ ಹೋಗಿ, ಹೇಗೂ ಅವರೆಕಾಳು ಇನ್ನೂ ಉಳಿದಿರುತ್ತದೆ.